ಆರನೇ ವಚನಕ್ಕೆ ನಿಲ್ಲಿಸಬೇಡಿ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಉಡುಪಿಯ ಓದುಗರೊಬ್ಬರು ಬರೆದದ್ದು ನೆನಪಿರಬಹುದು. ಮುಂಬಯಿಯಲ್ಲಿದ್ದ ಎಂಟು ವರ್ಷ ಅವರು ಚರ್ಚಿಗೆ ಹೋಗಲಿಲ್ಲ, ಪ್ರಾರ್ಥನೆಯನ್ನೂ ಮಾಡಲಿಲ್ಲ. ಈಗ ಅಮ್ಮನನ್ನು ನೋಡಿಕೊಳ್ಳಲು ಊರಿಗೆ ಬಂದಿದ್ದಾರೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರು ಬೈಬಲಿನ ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯವನ್ನು ಆರನೇ ವಚನದವರೆಗೆ ತೋರಿಸಿ, ಒಮ್ಮೆ ನಂಬಿ ಆಮೇಲೆ ನಂಬಿಕೆ ಬಿಟ್ಟವರಿಗೆ ಮತ್ತೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಇಲ್ಲ ಎಂದರಂತೆ. ಇನ್ನೊಬ್ಬರು, ಒಮ್ಮೆ ಸಿಕ್ಕಿದ ರಕ್ಷಣೆ ಹೋಗುವುದೇ ಇಲ್ಲ, ಆರಾಮಾಗಿರಿ ಎಂದರಂತೆ. ಅವರಿಗೆ ರಾತ್ರಿ ನಿದ್ದೆ ಇಲ್ಲ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಾಗಿದೆ, ಆದರೂ ಕತ್ತರಿಸಲು ಮನಸ್ಸು ಬರಲಿಲ್ಲ.

ತಂಗಿ, ನಿಮ್ಮ ಪತ್ರ ಓದಿ ಎರಡು ದಿನ ಸುಮ್ನೆ ಕೂತೆ. ನನಗೊಬ್ಬ ತಮ್ಮ ಇದ್ದ. ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದವರು. ಹುಡುಗನಾಗಿದ್ದಾಗ ಇವನು ಸಂಡೇ ಸ್ಕೂಲಿನಲ್ಲಿ ವಚನ ಬಾಯಿಪಾಠ ಹೇಳಿ ಬಹುಮಾನ ತರುತ್ತಿದ್ದ. ಮದುವೆ ಮುರಿದ ಮೇಲೆ ಗಡಂಗಿನ ದಾರಿ ಹಿಡಿದ, ಚರ್ಚು ಬಿಟ್ಟ. ಒಂದು ಸಲ ತಾನಾಗಿಯೇ ವಾಪಸ್ ಬರಲು ಹೊರಟಾಗ, ಸಭೆಯ ಹಿರಿಯರೊಬ್ಬರು ಇದೇ ವಚನ ತೋರಿಸಿದರು. ಅವನು ಸೀದಾ ನನ್ನ ಹತ್ತಿರ ಬಂದು, 'ಹೌದಾ ಅಕ್ಕ?' ಅಂತ ಕೇಳಿದ. ನಾನು ಬಂಗುಡೆ ಕತ್ತರಿಸುತ್ತಿದ್ದೆ. ತಲೆ ಎತ್ತದೆ, 'ಬೈಬಲಿನಲ್ಲಿ ಇದ್ದದ್ದನ್ನು ನಾನು ಇಲ್ಲ ಅನ್ನಲಿಕ್ಕಾಗುತ್ತದಾ?' ಅಂದೆ. ಹೆದರಿಯಾದರೂ ಕುಡಿತ ಬಿಡಲಿ ಅಂತ ನನ್ನ ಲೆಕ್ಕ.

ಆಮೇಲೆ ಅವನು ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಕ್ರಿಸ್ಮಸ್ ರಾತ್ರಿ ಗೇಟಿನ ಹೊರಗೆ ಬೀಡಿ ಹಚ್ಚಿಕೊಂಡು ನಿಂತಿರುತ್ತಿದ್ದ. ನಾವು ಹಾಡು ಮುಗಿಸಿ ಹೊರಗೆ ಬರುವಷ್ಟರಲ್ಲಿ ಹೋಗಿರುತ್ತಿದ್ದ. ಆದರೆ ಮೇ ತಿಂಗಳು ಬಂತೆಂದರೆ, ಗಂಡ ಸತ್ತ ಹೆಂಗಸರ ಮನೆಯ ಮಾಡು ಹತ್ತಿ ಒಡೆದ ಹಂಚು ಬದಲಿಸಿ ಕೊಡುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ, ಒಂದು ಚಾ ಸಾಕು. ಅವನು ತೀರಿಕೊಂಡು ಈಗ 19 ವರ್ಷ.

ಮಣ್ಣು ಮಾಡಿದ ವಾರ ನಾನು ಆ ಅಧ್ಯಾಯ ತೆಗೆದು ಮುಂದಕ್ಕೆ ಓದಿದೆ. ನಾವೆಲ್ಲ ಆರನೇ ವಚನಕ್ಕೆ ನಿಲ್ಲಿಸುತ್ತೇವೆ, ಅಲ್ವಾ? ಒಂಬತ್ತನೆಯದಕ್ಕೆ ಬಂದಾಗ ಬರೆದವರ ದನಿಯೇ ಬದಲಾಗುತ್ತದೆ. ಹೀಗೆಲ್ಲ ಹೇಳಿದರೂ ಪ್ರಿಯರೇ, ನಿಮ್ಮ ವಿಷಯದಲ್ಲಿ ನಮಗೆ ಒಳ್ಳೆಯ ಭರವಸೆಯೇ ಇದೆ ಅನ್ನುತ್ತಾರೆ. ಹತ್ತನೆಯದರಲ್ಲಿ, ನೀವು ಬೇರೆಯವರಿಗೆ ಮಾಡಿದ ಉಪಕಾರವನ್ನು ಮರೆಯಲು ದೇವರು ಅನ್ಯಾಯಗಾರನಲ್ಲ ಅಂತ ಇದೆ. ನನಗೆ ಹಂಚು ಕಣ್ಣಿಗೆ ಬಂತು. ಪುಸ್ತಕ ಮುಚ್ಚಿಟ್ಟೆ.

ಕೂಟದವರು ಮತ್ತೆ ಆ ಪುಟ ತೆಗೆದರೆ, ಇನ್ನು ನಾಲ್ಕು ಗೆರೆ ಓದಿ ಅನ್ನಿ.
— ನಿವೃತ್ತ ನರ್ಸ್, ಮಲ್ಪೆ

ಮುಂದಿನ ಪತ್ರದಲ್ಲೂ ಕತ್ತರಿಸಿಲ್ಲ. ಕತ್ತರಿಸಲು ಏನೂ ಇರಲಿಲ್ಲ.

ಎಂಟು ವರ್ಷ ಅಮ್ಮ ಒಬ್ಬರೇ ಇದ್ದರಲ್ಲ, ಆಗ ನಿದ್ದೆ ಬರುತ್ತಿತ್ತಾ?
— ಕಾಪುವಿನಿಂದ

ಅಮ್ಮನ ಜೊತೆ ಈಗ ಇರುವವರು ಅವರೇ ಎಂದಷ್ಟೇ ನೆನಪಿಸುತ್ತೇವೆ. ಇತಿಹಾಸ ತಿಳಿದವರೊಬ್ಬರು ಹೀಗೆ ಬರೆದಿದ್ದಾರೆ.

ನಿಮ್ಮ ಕೂಟದ ಜಗಳ ಹೊಸದಲ್ಲ. 1530ರ ಆಗ್ಸ್‌ಬರ್ಗ್ ಅರಿಕೆ ಎಂಬ ನಂಬಿಕೆಯ ಹೇಳಿಕೆಯಲ್ಲಿ, ಮಾರ್ಟಿನ್ ಲೂಥರನ ದಾರಿ ಹಿಡಿದ ಲೂಥರನ್ನರು ಹೇಳಿದ್ದು ಎರಡು ಮಾತು. ದೇವರು ನೀತಿವಂತರೆಂದು ಒಪ್ಪಿಕೊಂಡವರೂ ಪವಿತ್ರಾತ್ಮನನ್ನು ಕಳೆದುಕೊಳ್ಳಬಹುದು. ಆದರೆ ದೀಕ್ಷಾಸ್ನಾನದ ನಂತರ ಬಿದ್ದವರು ಯಾವಾಗ ತಿರುಗಿ ಬಂದರೂ ಕ್ಷಮೆ ಉಂಟು. ಹಾಲೆಂಡಿನಲ್ಲಿ ರಿಫಾರ್ಮ್ಡ್ ಎಂಬ ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡದವರ ಡಾರ್ಟ್ ಸಭೆ 1618–19ರಲ್ಲಿ ಬೇರೆ ಮಾತು ಹೇಳಿತು: ದೇವರು ಆರಿಸಿಕೊಂಡವರು ಬೀಳಬಹುದು, ಆದರೆ ಆತ ಅವರನ್ನು ಕೊನೆಯವರೆಗೆ ಕೈಬಿಡುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಪ್ರಚಾರಕರ ಸಂಸ್ಥೆ ಬಾಸೆಲ್ ಮಿಶನ್‌ನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಪರಂಪರೆಯವರಿದ್ದರು. ಹಾಗಾಗಿ ಎರಡು ಉತ್ತರಗಳೂ ನಮ್ಮ ಅಜ್ಜಂದಿರ ಮನೆಗೆ ಬಂದಿರಬೇಕು. ಒಂದು ಮಾತು ಗಮನಿಸಿ. ತಿರುಗಿ ಬಂದವರನ್ನು ಹೊರಗೆ ನಿಲ್ಲಿಸಿ ಅಂತ ಇಬ್ಬರೂ ಹೇಳಿಲ್ಲ. 'ಆರಾಮಾಗಿರಿ' ಅಂತಲೂ ಹೇಳಿಲ್ಲ.
— ನಿವೃತ್ತ ಶಿಕ್ಷಕ, ಬಲ್ಮಠ, ಮಂಗಳೂರು

ನಾವು ಕೆಥೊಲಿಕರು. ದೊಡ್ಡ ಪಾಪ ಮಾಡಿದರೆ ಕೃಪೆ ಹೋಗುತ್ತದೆ, ಕುಮ್ಸಾರ್ (ಗುರುಗಳ ಮುಂದೆ ಪಾಪ ಹೇಳಿಕೊಳ್ಳುವುದು) ಮಾಡಿದರೆ ಮತ್ತೆ ಬರುತ್ತದೆ. ನಮ್ಮ ಲೆಕ್ಕ ಚೊಕ್ಕ. ನನ್ನ ಕಷ್ಟ ಬೇರೆ. ಮಗ ಕುವೈತಿನಿಂದ ಬಂದರೆ ಭಾನುವಾರದ ಪೂಜೆಗೆ ಏಳುವುದೇ ಇಲ್ಲ. ಆದರೆ ಸೆಪ್ಟೆಂಬರ್ 8ರ ತೆನೆಹಬ್ಬ ಮೊಂತಿ ಫೆಸ್ತ್‌ಗೆ ಸರಿಯಾಗಿ ರಜೆ ಹಾಕುತ್ತಾನೆ. ಅವತ್ತು ನಮ್ಮಲ್ಲಿ ಮೀನು ಮಾಂಸ ಇಲ್ಲ, ಹೊಸ ಭತ್ತದ ಊಟ. ಅಷ್ಟು ದೂರದಿಂದ ಬರೀ ತರಕಾರಿ ಊಟಕ್ಕೆ ಬರುವವನನ್ನು ಏನೆನ್ನಬೇಕು?
— ಓರ್ವ ತಾಯಿ, ಕಲ್ಯಾಣಪುರ

ಬರುತ್ತಾನಲ್ಲ, ಅಮ್ಮ.

ನಾನು ಕ್ರೈಸ್ತಳಲ್ಲ. ರಕ್ಷಣೆಯ ವಿಷಯ ನನಗೆ ತಿಳಿಯದು. ಆದರೆ ನಿದ್ದೆ ಇಲ್ಲ ಅಂತ ಬರೆದಿದ್ದೀರಿ. ಮನೆಯಲ್ಲಿ ಕಾಯಿಲೆಯವರಿದ್ದಾರೆ, ನೀವು ಒಬ್ಬರೇ. ಒಮ್ಮೆ ಡಾಕ್ಟರಿಗೂ ತೋರಿಸಿ. ದೇವರೇನೂ ಬೇಸರ ಮಾಡಿಕೊಳ್ಳಲಿಕ್ಕಿಲ್ಲ.
— ಮಣಿಪಾಲದಿಂದ

ಇದನ್ನು ದಯವಿಟ್ಟು ಮಾಡಿ. ಕೊನೆಯದಾಗಿ ಪೋಸ್ಟ್ ಕಾರ್ಡಿನಲ್ಲಿ ಬಂದ ಒಂದು ಪತ್ರ. ವಿಳಾಸವನ್ನು ಆ ಓದುಗರಿಗೆ ಕಳಿಸಿದ್ದೇವೆ.

ನಾನೂ ಉಡುಪಿಯವನೇ, ರಿಕ್ಷಾ ಓಡಿಸುತ್ತೇನೆ. ಭಾನುವಾರ ಎಂಟು ಗಂಟೆಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಚರ್ಚಿಗೆ ಹೋಗುವುದುಂಟು. ಒಬ್ಬರಿಗೆ ಜಾಗ ಇದೆ. ಅಮ್ಮನಿಗೆ ಕೂರಲು ಆಗುತ್ತದೆ ಅಂದರೆ ಮಗನನ್ನು ಸೈಕಲ್ಲಿನಲ್ಲಿ ಕಳಿಸುತ್ತೇನೆ.