ಹಣೆ ನಡುವೆ ಚೂಪಾಗಿ ಇಳಿದ ಕೂದಲು: ಯಾವ ಕಟಿಂಗ್ ಒಪ್ಪುತ್ತದೆ?

ಕೇಳಿದವರು: ನವನಗರ, ಬಾಗಲಕೋಟೆ

ನಮಸ್ಕಾರ ರೀ. ನನ್ನ ಹಣೆ ಮೇಲೆ ಕೂದಲು ನಡುವೆ ಚೂಪಾಗಿ ಕೆಳಗೆ ಇಳಿದಿದೆ, ಎರಡೂ ಮಗ್ಗುಲಲ್ಲಿ ಮೇಲಕ್ಕೆ ಸರಿದಿದೆ. ವಿಡೋಸ್ ಪೀಕ್ ಅಂತಾರಲ್ಲ, ಅದೇ. ವಯಸ್ಸು 27. ಮುಖ ಉದ್ದ, ಗದ್ದ ಸಣ್ಣದು. ಕೆಲಸ ಸಹಕಾರಿ ಸಂಘದ ಕೌಂಟರ್‌ನಲ್ಲಿ, ಹಾಗಾಗಿ ತೀರಾ ಫ್ಯಾಷನ್ ಕಟಿಂಗ್ ನಡೆಯಲ್ಲ. ಮುಂದಿನ ತಿಂಗಳು ನಿಶ್ಚಿತಾರ್ಥ. ಗೆಳೆಯರು 'ಆ ಚೂಪನ್ನು ಬ್ಲೇಡ್‌ನಲ್ಲಿ ತೆಗೆಸಿಬಿಡು' ಅಂತಾರೆ. ಅವ್ವ 'ಮುಂದೆ ಇಳಿಬಿಟ್ಟು ಮುಚ್ಚು' ಅಂತಾಳೆ. ಇಂಥ ಹಣೆ ಇರುವವರು ನೀವು ಏನು ಮಾಡಿದ್ದೀರಿ, ದಯವಿಟ್ಟು ಹೇಳಿ.

ಟಿಳಕವಾಡಿ, ಬೆಳಗಾವಿ

ನನ್ನದೂ ಇದೇ ಹಣೆ, ನಮ್ಮಪ್ಪನದೂ ಇದೇ. ಕಾಲೇಜಿನಲ್ಲಿ ಇದ್ದಾಗ ಮುಂದೆ ಇಳಿಬಿಡುತ್ತಿದ್ದೆ. ಬೈಕ್ ಮೇಲೆ ಖಡೇ ಬಜಾರ್ ದಾಟುವಷ್ಟರಲ್ಲಿ ಗಾಳಿಗೆ ಕೂದಲು ಎರಡು ಪಾಲಾಗಿ ಚೂಪು ಹೊರಗೆ ಬರುತ್ತಿತ್ತು. ಮುಚ್ಚಿಟ್ಟದ್ದು ಇಣುಕಿದರೆ ಜನ ಅದನ್ನೇ ಜಾಸ್ತಿ ನೋಡುತ್ತಾರೆ, ಅಲ್ವಾ?

ಈಗ ಮಗ್ಗುಲಿಗೆ ಬೈತಲೆ ತೆಗೆದು ಬಾಚುತ್ತೇನೆ. ಬೈತಲೆ ಎಲ್ಲಿಂದ ತೆಗೆಯುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಚೂಪಿನ ಹತ್ತಿರ ತೆಗೆದರೆ ಅದು ಇನ್ನೂ ಎದ್ದು ಕಾಣುತ್ತದೆ. ಕೂದಲು ಮೇಲಕ್ಕೆ ಸರಿದಿರುವ ಮೂಲೆಯಿಂದ, ಅಂದರೆ ಹೆಚ್ಚುಕಡಿಮೆ ಹುಬ್ಬು ಬಾಗುವ ಜಾಗದ ನೇರಕ್ಕೆ ತೆಗೆಯಿರಿ. ಆಗ ಆ ಖಾಲಿ ಮೂಲೆ ಬೈತಲೆಯಲ್ಲೇ ಸೇರಿಹೋಗುತ್ತದೆ. ಆಚೆ ಮೂಲೆಯ ಮೇಲೆ ಬಾಚಿದ ಕೂದಲು ಬಂದು ಕೂರುತ್ತದೆ. ಕೌಂಟರ್ ಕೆಲಸಕ್ಕೂ ಹೇಳಿ ಮಾಡಿಸಿದ್ದು. ಹಾಲಿವುಡ್‌ನ ಲಿಯೊನಾರ್ಡೊ ಡಿಕಾಪ್ರಿಯೊಗೂ ಇಂಥದೇ ಹಣೆ. ಅವನೇನು ಮುಚ್ಚಿಕೊಂಡು ಓಡಾಡಲ್ಲ.

ಜಮಖಂಡಿ, ಕಟಿಂಗ್ ಅಂಗಡಿ ನನ್ನದು

ಬ್ಲೇಡ್ ವಿಷಯ ಮೊದಲು. ಬೇಡವೇ ಬೇಡ. ಮದುವೆ ಸೀಸನ್‌ನಲ್ಲಿ ಇದನ್ನೇ ಕೇಳಿಕೊಂಡು ಹುಡುಗರು ಬರುತ್ತಾರೆ. ತೆಗೆದ ದಿನ ಚೆಂದ. ಎರಡು ಮೂರು ದಿನ ಕಳೆದರೆ ಜೋಳ ಕೊಯ್ದ ಹೊಲದ ಕೂಳೆಯ ಹಾಗೆ ಕೂದಲು ಚುಚ್ಚಿಕೊಂಡು ಏಳುತ್ತದೆ. ಬಿಸಿಲಿಗೆ ನಿಂತರೆ ಕಪ್ಪು ತ್ರಿಕೋನ ಎಲ್ಲರಿಗೂ ಕಾಣುತ್ತದೆ. ತಪ್ಪದೆ ಬೋಳಿಸುತ್ತಲೇ ಇರಬೇಕು. ಬೇಡಪ್ಪ, ವಾಪಸ್ ಬೆಳೆಸೋಣ ಅಂದರೆ ಕೂದಲು ತಿಂಗಳಿಗೆ ಬೆಳೆಯೋದು ಸುಮಾರು ಒಂದು ಸೆಂಟಿಮೀಟರ್. ಇನ್ನೊಂದು ವಿಷಯ ಹುಡುಗರಿಗೆ ಹೊಳೆಯೋದೇ ಇಲ್ಲ. ನಡುವಿನದು ಹೋದರೆ ಇಡೀ ಹಣೆ ಆ ಮೂಲೆಗಳ ಮಟ್ಟಕ್ಕೆ ಏರುತ್ತದೆ. ಉದ್ದ ಮುಖ ಇನ್ನೂ ಉದ್ದ.

ಇಂಥ ಹಣೆಯವರು ಬಂದು ಕುರ್ಚಿಯಲ್ಲಿ ಕೂತರೆ ನಾನು ಕತ್ತರಿ ಹಿಡಿಯಲ್ಲ. ಮೊದಲು ನೀರು ಹೊಡೆದು ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚುತ್ತೇನೆ. ಆಮೇಲೆ ಬೆರಳಿಂದ ಒಮ್ಮೆ ಕೆದರಿ ಸುಮ್ನೆ ನೋಡುತ್ತೇನೆ. ಚೂಪಿನ ತುದಿಯ ಕೂದಲು ತಾನಾಗೇ ಯಾವ ಕಡೆ ಬೀಳುತ್ತದೆ? ಬಹಳ ಜನರಿಗೆ ಅಲ್ಲೇ ಸಣ್ಣ ಸುಳಿ ಇರುತ್ತದೆ. ಬಲಕ್ಕೆ ಬಿದ್ದರೆ ಬಲಕ್ಕೇ ಬಾಚಬೇಕು. ಹಟಕ್ಕೆ ಬಿದ್ದು ಎಡಕ್ಕೆ ಎಳೆದರೆ ನೀರು ಆರಿದ ತಕ್ಷಣ ಎದ್ದು ನಿಲ್ಲುತ್ತದೆ. ಆಮೇಲೆ ಎಷ್ಟು ಜೆಲ್ ಹಚ್ಚಿದರೂ ಅಷ್ಟೇ.

ಇನ್ನು ಕಟಿಂಗ್. ಮೂಲೆಗಳು ಜಾಸ್ತಿ ಒಳಗೆ ಹೋಗಿದ್ದರೆ ಮುಂದಕ್ಕೆ ಬೀಳುವ ಗಿಡ್ಡ ಕ್ರಾಪ್ ಚೆಂದ. ಮೇಲೆ ಎರಡು ಮೂರು ಬೆರಳು ಅಗಲದಷ್ಟು ಉದ್ದ, ತುದಿಗಳು ಏರುಪೇರು. ನೆಟ್ಟಗೆ ಗೆರೆ ಹೊಡೆದ ಹಾಗೆ ಕತ್ತರಿಸಿದರೆ ನಡುವೆ ದಟ್ಟ, ಮಗ್ಗುಲಲ್ಲಿ ತೆಳು ಅನ್ನೋದು ಗೊತ್ತಾಗುತ್ತದೆ. ಮುಖ ಗುಂಡಗಿದ್ದವರಿಗೆ ಮುಂದಿನ ಕೂದಲನ್ನು ಎತ್ತಿ ನಿಲ್ಲಿಸುವ ಕ್ವಿಫ್ ಒಪ್ಪುತ್ತದೆ, ಚೂಪೇ ಅದಕ್ಕೆ ಬುಡ ಕೊಡುತ್ತದೆ. ಪೂರ್ತಿ ಹಿಂದಕ್ಕೆ ಬಾಚೋದು ದಟ್ಟ ಕೂದಲಿದ್ದವರಿಗೆ ಮಾತ್ರ. ಅದರಲ್ಲಿ ಹಣೆಯ ಆಕಾರ ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಕೆಲವರಿಗೆ ಅದೇ ಕಳೆ.

ಕೇಳಿದ ಅಣ್ಣನಿಗೆ ಮುಖ ಉದ್ದ. ಹಾಗಾಗಿ ಕ್ವಿಫ್ ಬೇಡ. ಮಗ್ಗುಲನ್ನು ಚರ್ಮ ಕಾಣುವ ಹಾಗೆ ಮೇಲಿನವರೆಗೂ ಎತ್ತುವ ಹೈ ಫೇಡ್ ಕೂಡ ಬೇಡ. ಈಗಿನ ಹುಡುಗರಿಗೆ ಎಲ್ಲದಕ್ಕೂ ಹೈ ಫೇಡ್ ಬೇಕು. ಮುಖ ಯಾವುದು ಅಂತ ನೋಡೋದೇ ಇಲ್ಲ.

ಕ್ಯಾಂಪ್, ಬೆಳಗಾವಿ, ನಿವೃತ್ತ ಸೈನಿಕ

ತಮ್ಮಾ, ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳುತ್ತೀಯಾ? ಗಿಡ್ಡ ಹೊಡೆಸು. ಕೂದಲು ಗಿಡ್ಡ ಆದಷ್ಟು ಹಣೆಯ ಚರ್ಮಕ್ಕೂ ಕೂದಲಿಗೂ ಬಣ್ಣದ ಅಂತರ ಕಡಿಮೆಯಾಗುತ್ತದೆ, ಮೂಲೆಗಳು ಕಣ್ಣಿಗೆ ಹೊಡೆಯಲ್ಲ. ಮಗ್ಗುಲಿಗೆ ಮಷಿನ್ ನಂಬರ್ 2, ಅಂದರೆ 6 ಮಿಲಿಮೀಟರ್. ಮೇಲೆ ನಂಬರ್ 4, ಸುಮಾರು 13 ಮಿಲಿಮೀಟರ್. ಇಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್‌ನ ಹುಡುಗರನ್ನು ನೋಡು. ಯಾರ ಹಣೆ ಯಾವ ಆಕಾರ ಅಂತ ಯಾರಿಗೂ ಗೊತ್ತಾಗಲ್ಲ. ಬಾಚಣಿಕೆ ಖರ್ಚೂ ಇಲ್ಲ.

ವಿಜಯಪುರ, ಜೀವಶಾಸ್ತ್ರದ ಮೇಷ್ಟ್ರು

ಕಟಿಂಗ್‌ಗೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪಿಯುಸಿ ಹಾಲ್ ಟಿಕೆಟ್ ಹುಡುಕಿ ಫೋಟೊ ನೋಡಿ. ಆಗಲೂ ಹಣೆ ಹೀಗೇ ಇದ್ದರೆ ಇದು ಹುಟ್ಟಿನಿಂದ ಬಂದ ಆಕಾರ, ಚಿಂತೆ ಬೇಡ. ಆಗ ಮೂಲೆಗಳು ತುಂಬಿದ್ದು ಈಗ ಖಾಲಿಯಾಗಿದ್ದರೆ ಅದು ಬೇರೆ ಮಾತು. ಗಂಡಸರಲ್ಲಿ ಕೂದಲು ಮೊದಲು ಕಡಿಮೆಯಾಗೋದು ಸಾಮಾನ್ಯವಾಗಿ ಅಲ್ಲೇ. ಇದನ್ನು ಅಳೆಯಲು ಡಾಕ್ಟರರು ನಾರ್‌ವುಡ್ ಸ್ಕೇಲ್ ಅಂತ ಬಳಸುತ್ತಾರೆ. 1951ರಲ್ಲಿ ಹ್ಯಾಮಿಲ್ಟನ್ ಮಾಡಿದ್ದನ್ನು 1975ರಲ್ಲಿ ನಾರ್‌ವುಡ್ ತಿದ್ದಿದರು, ಒಟ್ಟು ಏಳು ಹಂತ. ಮೂಲೆ ಸ್ವಲ್ಪ ಸರಿದರೆ ಎರಡನೇ ಹಂತ, ಆಳವಾಗಿ ಸರಿದರೆ ಮೂರು. ಆ ಹಂತದಲ್ಲೇ ಚರ್ಮರೋಗದ ಡಾಕ್ಟರಿಗೆ ತೋರಿಸಿದರೆ ಉಪಯೋಗ ಇದೆ. ಕೂದಲು ಬೆಳೆಯಲು ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಕೊಟ್ಟರೆ ಮೊದಲ ಕೆಲವು ವಾರ ಕೂದಲು ಜಾಸ್ತಿ ಉದುರಬಹುದು, ಅದಕ್ಕೆ ಹೆದರಬೇಡಿ. ಫಲ ಕಾಣಲು ನಾಲ್ಕು ತಿಂಗಳಾದರೂ ಬೇಕು. ಬಿಟ್ಟರೆ ಬಂದದ್ದು ಹೋಗುತ್ತದೆ. ಹಾಗಾಗಿ ನಿಶ್ಚಿತಾರ್ಥಕ್ಕೆ ಅಂತ ಶುರು ಮಾಡುವ ಔಷಧ ಇದಲ್ಲ. ಕೂದಲು ಉದುರೋದನ್ನು ತಡೆಯಲು ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನು ಯಾರೋ ಹೇಳಿದರು ಅಂತ ಅಂಗಡಿಯಿಂದ ತಂದು ನುಂಗಬೇಡಿ.

ಈ ಚೂಪು ಹಣೆ ಒಂದೇ ಜೀನ್‌ನಿಂದ ಬರುತ್ತದೆ ಅಂತ ನಾವೂ ಎಷ್ಟೋ ವರ್ಷ ಹಲಗೆ ಮೇಲೆ ಬರೆದಿದ್ದೇವೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಬೋಳು ತಾಯಿ ಕಡೆಯಿಂದ ಮಾತ್ರ ಬರುತ್ತದೆ ಅನ್ನೋದೂ ಅರ್ಧ ಸತ್ಯ. ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮ್‌ನಲ್ಲಿ ಮುಖ್ಯವಾದ ಒಂದು ಜೀನ್ ಇದೆ, ನಿಜ. ಆದರೆ ಉಳಿದವು ಎರಡೂ ಕಡೆಯಿಂದ ಬರುತ್ತವೆ. ಸೋದರಮಾವನ ತಲೆ ನೋಡಿ ತೀರ್ಮಾನ ಮಾಡಬೇಡಿ.

ಬಸವನ ಬಾಗೇವಾಡಿ

ಉಳ್ಳಾಗಡ್ಡಿ ರಸ ಹಚ್ಚು ತಮ್ಮಾ. ಹೆಂಗೂ ರೇಟ್ ಬಿದ್ದಿದೆ, ಹಣೆಗಾದರೂ ಉಪಯೋಗಕ್ಕೆ ಬರಲಿ.

ವಿಜಯಪುರ, ಜೀವಶಾಸ್ತ್ರದ ಮೇಷ್ಟ್ರು

ರೇಟಿನ ವಿಷಯ ನಿಮಗೇ ಗೊತ್ತು ಕಾಕಾ. ಹಣೆಯ ಆಕಾರವಂತೂ ಅದರಿಂದ ಬದಲಾಗಲ್ಲ. ಕೌಂಟರ್ ಮುಂದೆ ನಿಂತವರು ಮೂಗು ಮುಚ್ಚಿಕೊಳ್ಳುತ್ತಾರೆ ಅಷ್ಟೇ.

ಇಳಕಲ್, ತಮ್ಮನ ಮದುವೆ ಮಾಡಿದ ಅಕ್ಕ

ನೀವು ಗಂಡಸರು ಎಲ್ಲಾ ಹೇಳಿದಿರಿ, ಕಾರ್ಯಕ್ರಮದ ದಿನ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ. ನನ್ನ ತಮ್ಮನದೂ ಇದೇ ಹಣೆ. ನಿಶ್ಚಿತಾರ್ಥಕ್ಕೆ ಮುಂದೆ ಇಳಿಬಿಟ್ಟುಕೊಂಡು ಬಂದ. ಹಿರಿಯರು ಒಬ್ಬೊಬ್ಬರೇ ಬಂದು ಕೂದಲು ಸರಿಸಿ ಕುಂಕುಮ ಹಚ್ಚಿದರು. ಹಣೆಯಲ್ಲಿ ಮೊದಲೇ ವಿಭೂತಿ. ಒಂದು ಗಂಟೆಯಲ್ಲಿ ಮುಂದಿನ ಕೂದಲು ಬೆವರು, ವಿಭೂತಿ, ಅಕ್ಷತೆ ಎಲ್ಲಾ ಸೇರಿ ಹಣೆಗೆ ಮೆತ್ತಿಕೊಂಡಿತ್ತು. ಎಲ್ಲಾ ಫೋಟೊದಲ್ಲೂ ಹಾಗೇ. ಮದುವೆ ದಿನವಾದರೆ ಪೇಟ, ಬಾಸಿಂಗ ಕಟ್ಟುತ್ತಾರೆ, ಹಣೆ ಯಾರಿಗೂ ಕಾಣಲ್ಲ. ನಿಶ್ಚಿತಾರ್ಥದಲ್ಲಿ ಪೂರ್ತಿ ಕಾಣುತ್ತದೆ. ಹಾಗಾಗಿ ಹಣೆ ಬಿಟ್ಟು ಬಾಚಿ. ಅವ್ವನಿಗೆ ನಾನು ಹೇಳಿದೆ ಅಂತ ಹೇಳಿ.

ಸಿಂದಗಿ

ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಬೋರ್‌ವೆಲ್‌ನ ಸವಳು ನೀರಿನಲ್ಲಿ ಶಾಂಪೂ ನೊರೆಯೇ ಬರಲ್ಲ. ಕೂದಲು ಬಿರುಸಾಗಿ ಹೇಳಿದ ಕಡೆ ಕೂರಲ್ಲ. ವ್ಯಾಕ್ಸ್ ಸರಿಯಾಗಿ ತೊಳೆದು ಹೋಗಲ್ಲ, ಜೆಲ್ ಒಣಗಿ ಬಿಳಿ ಪುಡಿ ಉದುರುತ್ತದೆ. ಕೊನೆಯ ಒಂದು ಚೊಂಬು ಕುಡಿಯುವ ನೀರು ಹಾಕಿಕೊಳ್ಳಿ. ಕೂದಲು ಕೂರಿಸಲು ಹಚ್ಚುವ ಹೊಳಪಿಲ್ಲದ ಹೇರ್ ಕ್ಲೇ ಬಟಾಣಿ ಕಾಳಿನಷ್ಟು ಸಾಕು. ಒದ್ದೆ ಜೆಲ್ ಕೂದಲನ್ನು ಎಳೆಎಳೆಯಾಗಿ ಬಿಡಿಸುತ್ತದೆ, ಮೂಲೆಯ ಚರ್ಮ ಹೊಳೆಯುತ್ತದೆ.

ಕೇಳಿದವರು: ನವನಗರ, ಬಾಗಲಕೋಟೆ

ಎಲ್ಲರಿಗೂ ಥ್ಯಾಂಕ್ಸ್ ರೀ. ಹಾಲ್ ಟಿಕೆಟ್ ಸಿಕ್ಕಿತು. ಹಣೆ ಆಗಲೂ ಇಷ್ಟೇ ಇತ್ತು, ಸಮಾಧಾನ ಆಯಿತು. ಸೈಡ್ ಬೈತಲೆಯೇ ಸರಿ ಅನ್ನಿಸುತ್ತಿದೆ. ಜಮಖಂಡಿ ಅಣ್ಣ, ಇಲ್ಲಿ ಅಂಗಡಿಯಲ್ಲಿ ಏನಂತ ಹೇಳಲಿ? ಯಾವಾಗ ಮಾಡಿಸಲಿ? ಗಡ್ಡ ಬಿಡಲೇ?

ಜಮಖಂಡಿ, ಕಟಿಂಗ್ ಅಂಗಡಿ ನನ್ನದು

ಹೀಗೆ ಹೇಳಿ: 'ಮಗ್ಗುಲಿಗೆ ಲೋ ಫೇಡ್, ಅಂದರೆ ಕೆಳಗೆ ಮಾತ್ರ ಗಿಡ್ಡ, ಕಿವಿ ಮೇಲಿಂದ ಕತ್ತರಿ ಕೆಲಸ. ಮೇಲೆ ನಾಲ್ಕು ಬೆರಳು ಅಗಲದಷ್ಟು ಉದ್ದ ಬಿಡು. ಬೈತಲೆ ಮೂಲೆಯಿಂದ. ಹಣೆಗೆ ಟ್ರಿಮ್ಮರ್ ಮುಟ್ಟಿಸಬೇಡ.' ಕೊನೆಯದನ್ನು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ಕೆಲವರು ಕೇಳದೆ ಹಣೆಗೆ ಲೈನ್ ಹೊಡೆದುಬಿಡುತ್ತಾರೆ. ಬೈತಲೆಗೂ ಬ್ಲೇಡ್‌ನಲ್ಲಿ ಗೆರೆ ಬೇಡ, ಬಾಚಣಿಕೆ ಸಾಕು.

ಈ ವಾರವೇ ಒಂದು ಸಲ ಮಾಡಿಸಿ. ಸುಳಿ ಯಾವ ಕಡೆ ಅನ್ನೋದು ನಿಮಗೂ ಗೊತ್ತಾಗುತ್ತದೆ, ಬಾಚೋದೂ ರೂಢಿಯಾಗುತ್ತದೆ. ಕಾರ್ಯಕ್ರಮಕ್ಕೆ ಒಂದು ವಾರ ಇದ್ದಾಗ ಮಗ್ಗುಲು ಮಾತ್ರ ಸರಿ ಮಾಡಿಸಿ. ಹಿಂದಿನ ದಿನ ಕಟಿಂಗ್ ಮಾಡಿಸಿದರೆ ಕೂದಲು ಹೊಸದಾಗಿ ನೆಟ್ಟಗೆ ನಿಂತು ಮುಖ ಬೇರೆ ಥರ ಕಾಣುತ್ತದೆ.

ಗಡ್ಡ ಬಿಡಿ. ಮೇಲೆ ಚೂಪು, ಕೆಳಗೆ ಸಣ್ಣ ಗದ್ದ. ದವಡೆ ಮೇಲೆ ಸ್ವಲ್ಪ ಗಡ್ಡ ಇದ್ದರೆ ಮುಖದ ಕೆಳಭಾಗ ಅಗಲ ಕಾಣುತ್ತದೆ. ನಂಬರ್ 2ರಷ್ಟು ಸಾಕು, ಗದ್ದದ ಕೆಳಗೆ ಉದ್ದ ಬಿಡಬೇಡಿ. ಹುಡುಗಿಗೆ ಗಡ್ಡ ಇಷ್ಟವೋ ಇಲ್ಲವೋ ಅಂತ ಮಾತ್ರ ಒಮ್ಮೆ ಕೇಳಿಕೊಳ್ಳಿ.