ಪಲ್ವಂಕರ್ ಬಾಲೂ ಅವರ ಆತ್ಮವಿಶ್ವಾಸ ಉಳಿದದ್ದು ಹೇಗೆ?

ಪ್ರಶ್ನೆ:
ಧಾರವಾಡದಲ್ಲಿ ಹುಟ್ಟಿದ ದಲಿತ ಕ್ರಿಕೆಟಿಗ ಪಲ್ವಂಕರ್ ಬಾಲೂ ಅವರ ಕುರಿತು ಶಾಲಾ ಮಕ್ಕಳಿಗೆ ಹೇಳಬೇಕೆಂದಿದ್ದೇನೆ. ಅಷ್ಟೊಂದು ಅವಮಾನಗಳ ನಡುವೆಯೂ ಅವರು ಕುಗ್ಗದೆ ಆಡಿದ್ದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಪುಣೆಯ ಐರೋಪ್ಯರ ಕ್ಲಬ್ಬಿನಲ್ಲಿ ಪಿಚ್ ಸಿದ್ಧಪಡಿಸುವುದು, ನೆಟ್ ಕಟ್ಟುವುದು ಅವರ ಕೆಲಸವಾಗಿತ್ತು. ಅಲ್ಲಿ ಜೆ.ಜಿ. ಗ್ರೆಗ್ ಅವರಂತಹ ಬ್ಯಾಟ್ಸ್‌ಮನ್‌ಗಳಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡುತ್ತಲೇ ಅವರ ಎಡಗೈ ಸ್ಪಿನ್ ಪಳಗಿತು; ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಸಿಗಲಿಲ್ಲ. ಮುಂದೆ ಪುಣೆಯ ಹಿಂದೂ ತಂಡಕ್ಕೆ ಸೇರಿದಾಗ, ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ತಾವೂ ಮುಟ್ಟುತ್ತಿದ್ದ ಸಹ ಆಟಗಾರರು, ಚಹಾ ವಿರಾಮದಲ್ಲಿ ಅವರನ್ನು ಪೆವಿಲಿಯನ್ನಿನ ಹೊರಗೇ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಿಸುತ್ತಿದ್ದರು. ಮಕ್ಕಳಿಗೆ ಮೊದಲು ತಿಳಿಸಬೇಕಾದದ್ದು ಈ ಕುಡಿಕೆಯ ವಿಷಯವೇ ಎಂದು ನಾನು ಬಲವಾಗಿ ನಂಬುತ್ತೇನೆ.

ಉತ್ತರ 2:
ಭಾರತ ತಂಡದ 1911ರ ಇಂಗ್ಲೆಂಡ್ ಪ್ರವಾಸವನ್ನು ಬಿಡಬೇಡಿ. ತಂಡ ಹೆಚ್ಚಿನ ಪಂದ್ಯಗಳನ್ನು ಸೋತರೂ ಬಾಲೂ ಅವರು ವಿಕೆಟ್ಟಿಗೆ 18.84 ರನ್‌ಗಳ ಸರಾಸರಿಯಲ್ಲಿ 114 ವಿಕೆಟ್ ಪಡೆದರು. ತಮ್ಮ ಕೈಚಳಕದ ಮೇಲೆ ಅವರಿಗಿದ್ದ ಭರವಸೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಉತ್ತರ 3:
ಮೇಲಿನವರ ಮಾತು ಸರಿಯೇ, ಆದರೆ ಇದನ್ನು ಒಬ್ಬರ ಛಲದ ಕಥೆಯಾಗಿ ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ. ಅಷ್ಟು ಸಾಧಿಸಿದ ಬಾಲೂ ಅವರಿಗೆ, ಮುಂದೆ ಅವರು ಆಡಿದ ಮುಂಬೈನ ಹಿಂದೂ ತಂಡದ ನಾಯಕತ್ವವನ್ನು ಜಾತಿಯ ಕಾರಣಕ್ಕೆ ಕೊಡಲೇ ಇಲ್ಲ. ಇದೇ ತಾರತಮ್ಯವನ್ನು ಪ್ರತಿಭಟಿಸಿ 1920ರಲ್ಲಿ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಂ ತಂಡದಿಂದ ಹಿಂದೆ ಸರಿದರು. 1923ರಲ್ಲಿ ವಿಠ್ಠಲ್ ಅವರೇ ಆ ತಂಡದ ನಾಯಕರಾದರು.