ಮನೆಯ ಉತ್ತರದ ನೆರಳಲ್ಲಿ ಯಾವ ಗಿಡ ನಡೆಯುತ್ತೆ?

ಎರೆಹೊಲ, ಕಲಬುರಗಿ:
ಉತ್ತರ ಗೋಡೆಗೂ ಕಂಪೌಂಡಿಗೂ ನಡುವೆ ಮೂರು ಅಡಿ ಜಾಗ ಇದೆ. ಬಿಸಿಲೇ ಬೀಳಲ್ಲ. 'ನೆರಳಿಗೆ ನಡೀತದ್ರಿ' ಅಂತ ನರ್ಸರಿಯಲ್ಲಿ ಕೊಟ್ಟ ನಾಲ್ಕು ಇಕ್ಸೋರಾ ಮಳೆಗಾಲದಲ್ಲಿ ಹಚ್ಚಿದೆ. ದೀಪಾವಳಿ ಹೊತ್ತಿಗೆ ಚಿಗುರೆಲ್ಲ ಹಳದಿ, ಈಗ ಎರಡೇ ಉಳಿದಿವೆ. ದಿನಾ ಬೋರಿನ ನೀರು ಹಾಕ್ತೀನಿ. ನೆರಳು ಜಾಸ್ತಿಯಾಯ್ತಾ? ನಮ್ಮತ್ತೆ ಸುಮ್ನೆ ಪರಸಿ ಕಲ್ಲು ಹಾಸಿಬಿಡು ಅಂತಿದ್ದಾರೆ.

ಕೈಮಣ್ಣು:
ಅಕ್ಕಾರೆ, ಎಲೆ ಹಳದಿಯಾದ್ರೂ ನರ ಹಸಿರಾಗೇ ಇದೆಯಾ ನೋಡಿ. ಇದ್ದರೆ ಅದು ನೆರಳಿನ ಕಾಟ ಅಲ್ಲ, ಕಬ್ಬಿಣದ ಕೊರತೆ. ನಮ್ಮ ಎರೆ ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತೆ, ಆದರೆ ಸುಣ್ಣ ಜಾಸ್ತಿ ಇರೋದರಿಂದ ಬೇರಿಗೆ ದಕ್ಕಲ್ಲ, ಇಕ್ಸೋರಾ ನೋಡಿದ್ರೆ ಹುಳಿ ಮಣ್ಣಿನ ಗಿಡ. ಮನೆ ಕಟ್ಟುವಾಗ ಆ ಸಂದಿಯಲ್ಲೇ ಪರಸಿ ಕೊಯ್ದಿದ್ದರಾ? ಶಹಾಬಾದ್ ಕಲ್ಲು ಅಂದ್ರೆ ಸುಣ್ಣದ ಕಲ್ಲೇ ಅಲ್ವಾ, ಅದರ ಪುಡಿ, ಸಿಮೆಂಟಿನ ಚೂರು ಎಲ್ಲ ಅಲ್ಲೇ ಹೂತಿರುತ್ತೆ. ನಮ್ಮಲ್ಲಿ ಅಗೆದಾಗ ಬೂದಿ ಬಣ್ಣದ ಹೆಂಟೆ ಜೊತೆ ಗೌಂಡಿಯವರ ಕರಣಿಯೂ ಸಿಕ್ಕಿತ್ತು!
ಉಳಿದ ಎರಡಕ್ಕೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ ಸಂಜೆ ಎಲೆಗೆ ಸಿಂಪಡಿಸಿ. ಗೋಡೆಗೆ ತಾಗಿಸಬೇಡಿ, ತುಕ್ಕಿನ ಕಲೆ ಹೋಗಲ್ಲ. ದಿನಾ ನೀರು ಯಾಕೆ? ನೆರಳಲ್ಲಿ ಎರೆ ಮಣ್ಣು ಬೇಗ ಆರಲ್ಲ. ಬೆರಳು ಚುಚ್ಚಿ ನೋಡಿ, ಮಣ್ಣು ಅಂಟಿದರೆ ಬೇಡ.

ಬೀದರ್‌ಕೋಟೆ:
ನಮ್ಮದು ಕೆಂಪು ಮಣ್ಣು, ಇಕ್ಸೋರಾ ವಿಷಯಕ್ಕೆ ನಾನು ಬರಲ್ಲ. ಆಡುಸೋಗೆ, ನಂದಿಬಟ್ಟಲು ಹಚ್ಚಿ. ಎರಡೂ ಅರೆ ನೆರಳಿಗೆ ಒಗ್ಗುತ್ತವೆ, ನಂದಿಬಟ್ಟಲಿಗೆ ಹೂ ಕಡಿಮೆ ಅಷ್ಟೆ. ತೀರಾ ಕತ್ತಲ ಮೂಲೆಗೆ ಡ್ರಸೀನಾ. ಕ್ರೋಟನ್ ಬೇಡ, ಬಣ್ಣ ಹೋಗಿ ಬರೀ ಹಸಿರಾಗುತ್ತೆ.
ಮತ್ತೆ, ಉತ್ತರದ ಗೋಡೆ ಅಂದ್ರೆ ವರ್ಷವಿಡೀ ನೆರಳು ಅಂದ್ಕೋಬೇಡಿ. ಮೇ ಮಧ್ಯದಿಂದ ಜುಲೈ ಕೊನೆವರೆಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯನೂ ಉತ್ತರಕ್ಕೇ ವಾಲಿರ್ತಾನೆ. ಅಷ್ಟು ದಿನ ನೆರಳಲ್ಲೇ ಬೆಳೆದ ಮೆತ್ತನೆ ಎಲೆ ಆ ಮೇ ಬಿಸಿಲಿಗೆ ಸುಟ್ಟು ಹಪ್ಪಳ. ಹೋದ ವರ್ಷ ನಾನು ಹಳೇ ಧೋತರ ಅಡ್ಡ ಕಟ್ಟಿ ಉಳಿಸಿಕೊಂಡೆ.

ಎರೆಹೊಲ, ಕಲಬುರಗಿ:
ನರ ಹಸಿರೇ ಇದೆ ಅಣ್ಣಾ. ಒಂದು ಗೇಣು ಅಗೆಯುವುದರೊಳಗೆ ಅರ್ಧ ಪರಸಿ ಎದ್ದಿತು. ಅತ್ತೆ ನೋಡಿ, 'ಮೊದಲೇ ಹಾಸಿದ್ದಾರಲ್ಲ' ಅಂದ್ರು. ಆಡುಸೋಗೆ ಕಡ್ಡಿಯಿಂದ ಬರುತ್ತಾ?

ಬೀದರ್‌ಕೋಟೆ:
ಬರುತ್ತೆ. ಮೂರ್ನಾಲ್ಕು ಗೆಣ್ಣಿನ ಕಡ್ಡಿ ಇರಲಿ, ಮಳೆ ಹಿಡಿದ ಮೇಲೆ ಹಚ್ಚಿ.